ಮೈಕ್ ಕೇಬಲ್ ಬದಲಿಸಿದರೂ ಸ್ಪೀಕರಿನಲ್ಲಿ ಗುಂಯ್ ಸದ್ದು

ಮಲ್ಲೇಶ್ವರದ ವೀಣೆ:
ಅಮ್ಮನ ವೀಣೆ ರೆಕಾರ್ಡ್ ಮಾಡೋಣ ಅಂತ ಮನೆಯಲ್ಲೇ ಒಂದು ಮೂಲೆ ಸಜ್ಜು ಮಾಡಿದ್ದೇನೆ. ಕಂಡೆನ್ಸರ್ ಮೈಕ್, ಮೈಕನ್ನು ಲ್ಯಾಪ್‌ಟಾಪಿಗೂ ಸ್ಪೀಕರಿಗೂ ಜೋಡಿಸುವ ಎರಡು ಚಾನೆಲ್ಲಿನ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ, ಲ್ಯಾಪ್‌ಟಾಪ್, ಒಂದು ಜೊತೆ ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವಂಥದ್ದು). ಸ್ಪೀಕರ್ ಯಾವಾಗಲೂ ಗುಂಯ್ ಅನ್ನುತ್ತಿರುತ್ತದೆ. ಇನ್ನು ತಂಬೂರಿ ಬೇಡ ಬಿಡು ಅಂತ ಅಮ್ಮ ನಗುತ್ತಾರೆ. ಮೈಕ್ ಕೇಬಲ್ ಒಮ್ಮೆ ಬದಲಿಸಿದೆ, ಏನೂ ಆಗಲಿಲ್ಲ. ಇನ್ನೂ ಜಾಸ್ತಿ ಬೆಲೆಯದ್ದು ತರಬೇಕಾ?

ಸಾಲ್ಡರ್ ಸಾರ್:
ತರಬೇಡಿ, ಸುಮ್ನೆ ದುಡ್ಡು ದಂಡ. ಸ್ಪೀಕರ್ ಆಫ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ, ಸದ್ದು ಇದೆಯಾ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹಾಂ, ಸ್ಪೀಕರಿಗೆ ಹೋಗುವ ಕೇಬಲಿನ ಪಿನ್ ಮೇಲೆ ಕಪ್ಪು ಗೆರೆ ಎಷ್ಟಿವೆ?

ಮಲ್ಲೇಶ್ವರದ ವೀಣೆ:
ಹೆಡ್‌ಫೋನಿನಲ್ಲಿ ಚೊಕ್ಕವಾಗಿದೆ. ಚಾರ್ಜರ್ ಕಿತ್ತ ಕೂಡಲೇ ಸ್ಪೀಕರೂ ಸುಮ್ಮನಾಯಿತು! ಗೆರೆ ಒಂದೇ. ತಮ್ಮನ ಗಿಟಾರ್ ಕೇಬಲ್‌ಗಳು, ಮನೆಯಲ್ಲಿದ್ದವು ಅಂತ ಹಾಕಿದ್ದೆ.

ಸಾಲ್ಡರ್ ಸಾರ್:
ಸಿಕ್ಕಿತಲ್ಲ, ಗ್ರೌಂಡ್ ಲೂಪ್. ಚಾರ್ಜರಿನ ಅರ್ಥ್, ಸ್ಪೀಕರಿನ ಅರ್ಥ್ ಎರಡೂ ಕೇಬಲಿನ ಹೊರ ಜಾಲರಿಯಲ್ಲಿ ಕೂಡಿ ಒಂದು ಸುತ್ತು ಆಗಿದೆ. ಗಿಟಾರ್ ಕೇಬಲಿನಲ್ಲಿ ಸದ್ದು ವಾಪಸ್ ಬರುವ ದಾರಿಯೂ ಅದೇ ಜಾಲರಿ. ಹಾಗಾಗಿ ಕರೆಂಟಿನ 50 ಹರ್ಟ್ಜ್ ಗುಂಯ್ ವೀಣೆಯ ಜೊತೆ ಸೇರಿಕೊಳ್ಳುತ್ತದೆ.

ನಿಮಗೆ ಬೇಕಾದ್ದು ಎರಡು ಗೆರೆಯ ಕಾಲಿಂಚಿನ ಟಿಆರ್‌ಎಸ್ ಕೇಬಲ್. ಒಳಗೆ ಎರಡು ತಂತಿ, ಒಂದರಲ್ಲಿ ಸಿಗ್ನಲ್ ನೇರ, ಇನ್ನೊಂದರಲ್ಲಿ ತಲೆಕೆಳಗು. ಸ್ಪೀಕರ್ ಇವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಎರಡರ ಮೇಲೂ ಒಂದೇ ಥರ ಕೂತ ಗುಂಯ್ ಕಳೆದುಹೋಗುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್ ಮಾಡುವುದೂ ಇದನ್ನೇ. ಅದಕ್ಕೇ ನಿಮ್ಮ ಮೈಕ್ ಕಡೆ ತಂಟೆ ಇರಲಿಲ್ಲ. ಈ ಎರಡು ತಂತಿಯ ಪದ್ಧತಿಗೆ ಬ್ಯಾಲೆನ್ಸ್‌ಡ್ ಅನ್ನುತ್ತಾರೆ. ಆದರೆ ಸ್ಪೀಕರಿನ ಹಿಂದೆಯೂ ಬ್ಯಾಲೆನ್ಸ್‌ಡ್ ಅಂತ ಬರೆದಿರಬೇಕು. ಬರೀ ಆರ್‌ಸಿಎ ತೂತು (ಹಳೇ ಟಿವಿ, ಡಿವಿಡಿ ಪ್ಲೇಯರಿನ ಕೆಂಪು-ಬಿಳಿ ತೂತಿನಂಥದ್ದು) ಇದ್ದರೆ ಈ ಲಾಭ ಸಿಗದು.

ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳುವಾಗ ಎರಡೂ ತುದಿ ಟಿಆರ್‌ಎಸ್ ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಒಂದು ತುದಿ ಎರಡಾಗಿ ಒಡೆಯುವ ಕವಲು ಕೇಬಲ್ ಕೊಟ್ಟಾರು. ಪಿನ್ನಿನ ಟೋಪಿ ತಿರುಗಿಸಿ ಬಿಚ್ಚುವಂತಿದ್ದರೆ ಒಳ್ಳೆಯದು, ಬೆಸುಗೆ ಬಿಟ್ಟರೆ ಮತ್ತೆ ಹಾಕಬಹುದು. ಎರಡು ಮೀಟರ್ ಸಾಕಲ್ವಾ? ಚಾರ್ಜರ್, ಸ್ಪೀಕರ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಮುರಿದುಬಿಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಶಾಕ್ ಹೊಡೆದೀತು.

ಮಲ್ಲೇಶ್ವರದ ವೀಣೆ:
ಸ್ಪೀಕರ್ ಬ್ಯಾಲೆನ್ಸ್‌ಡ್ ಇದೆ. ಅಂಗಡಿಯಲ್ಲಿ ಟಿಆರ್‌ಎಸ್ ಒಂದೇ ಉಳಿದಿತ್ತು, ಎಡಗಡೆಗೆ ಹಾಕಿದೆ. ಚಾರ್ಜರ್ ಇದ್ದರೂ ಅದು ಈಗ ತೆಪ್ಪಗಿದೆ. ಬಲಗಡೆಯದು ಹಳೇ ಕೇಬಲಿನಲ್ಲಿ ಇನ್ನೂ ಶ್ರುತಿ ಹಿಡಿಯುತ್ತಿದೆ. ಶನಿವಾರ ಇನ್ನೊಂದು ತರುತ್ತೇನೆ ಸಾರ್.