ಬ್ರೇಕ್ ಹಾಕಿದಾಗ ಕಿರುಗುಟ್ಟುವ ಮುಂದಿನ ಗಾಲಿ: ಪ್ಯಾಡ್ ಸವೆದಿದೆಯೇ?

ಪ್ರಶ್ನೆ, ಚಿತ್ರದುರ್ಗದಿಂದ

ನಮ್ಮದು ಆರು ವರ್ಷದ ಪೆಟ್ರೋಲ್ ಕಾರು, 46,000 ಕಿ.ಮೀ. ಓಡಿದೆ. ಅಪ್ಪನ ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಸಲ ದಾವಣಗೆರೆಗೆ ಹೋಗಿ ಬರುತ್ತೇನೆ. ಹದಿನೈದು ದಿನಗಳಿಂದ ಟೋಲ್ ಹತ್ತಿರ ನಿಧಾನ ಮಾಡುವಾಗ ಮುಂದಿನ ಎಡಗಾಲಿ ಕಿರುಗುಟ್ಟುತ್ತಿದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಒಬ್ಬರು ಧೂಳು ಎಂದರು, ಇನ್ನೊಬ್ಬರು ಪ್ಯಾಡ್ ಮುಗಿದಿದೆ ಎಂದರು, ಮೂರನೆಯವರು ಡಿಸ್ಕ್ ಸಮೇತ ಎಲ್ಲವನ್ನೂ ಬದಲಿಸಲು ಹೇಳಿದರು. ಯಾರ ಮಾತು ನಂಬಲಿ? ನಾನೇ ನೋಡಿ ತಿಳಿದುಕೊಳ್ಳಬಹುದೇ?

ದಾವಣಗೆರೆಯಿಂದ

ನೋಡಬಹುದು, ನೋಡಲೇಬೇಕು. ಆದರೆ ನಾನು ನೋಡಿದ ಹಾಗೆ ನೋಡಬೇಡಿ.

ಎರಡು ವರ್ಷದ ಹಿಂದೆ ನನ್ನ ಕಾರೂ ಹೀಗೆಯೇ ಸದ್ದು ಮಾಡುತ್ತಿತ್ತು. ಮೊಬೈಲ್ ಟಾರ್ಚ್ ಹಿಡಿದು ಗಾಲಿಯ ಸಂದಿಯಿಂದ ಇಣುಕಿದೆ. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಒಳಗಿನಿಂದ ಒಂದು, ಹೊರಗಿನಿಂದ ಒಂದು ಪ್ಯಾಡ್ ಅದುಮಿ ನಿಲ್ಲಿಸುತ್ತವೆ. ಅದರಲ್ಲಿ ಹೊರಗಿನ ಪ್ಯಾಡ್ ದಪ್ಪಗೆ ಕಂಡಿತು, ಇನ್ನೊಂದು ವರ್ಷ ಬರುತ್ತದೆ ಎಂದು ಸುಮ್ಮನಾದೆ. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ. ಊರಿಗೆ ಮರಳುವಾಗ ಹೊನ್ನಾಳಿ ದಾಟಿದ ಮೇಲೆ ಸದ್ದೇ ಬದಲಾಯಿತು. ಕಿರುಗುಟ್ಟುವುದು ಹೋಗಿ, ಕಲ್ಲಿನ ಮೇಲೆ ಸಲಿಕೆ ಎಳೆದಂತೆ ಗರಗರ ಎನ್ನತೊಡಗಿತು. ಪೆಡಲಿನ ಮೇಲಿದ್ದ ಪಾದಕ್ಕೂ ಅದು ತಟ್ಟುತ್ತಿತ್ತು.

ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿ, ಎಡಗಡೆಯ ಎರಡೂ ಪ್ಯಾಡ್‌ಗಳನ್ನು ಹಳೆಯ ಪತ್ರಿಕೆಯ ಮೇಲೆ ಅಕ್ಕಪಕ್ಕ ಇಟ್ಟರು. ಹೊರಗಿನದು 6 ಮಿ.ಮೀ. ಇತ್ತು. ಒಳಗಿನದು ಓರೆಯಾಗಿ ಸವೆದು, ಒಂದು ತುದಿಯಲ್ಲಿ ಕಬ್ಬಿಣದ ತಗಡೇ ಹೊಳೆಯುತ್ತಿತ್ತು. ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಕ್ಯಾಲಿಪರ್ ಎಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ. ಅದು ಸರಿದಾಡುವ ಪಿನ್ನೇ ಕಾರಣ. ಅದರ ರಬ್ಬರ್ ಹರಿದು, ನೀರು ಮಣ್ಣು ಸೇರಿ ಬಿಗಿದುಕೊಂಡಿತ್ತು. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಕ್ಯಾಲಿಪರಿನಿಂದ ಮುಂದೆ ಬರುವ ಪಿಸ್ಟನ್ ಒತ್ತುವುದು ಒಳಗಿನ ಪ್ಯಾಡನ್ನು. ಪಿನ್ ಜಾರಿದರೆ ಮಾತ್ರ ಕ್ಯಾಲಿಪರ್ ಸರಿದು ಹೊರಗಿನದನ್ನೂ ಎಳೆದು ಒತ್ತುತ್ತದೆ. ಅದು ಜಾರದೆ ಕೆಲಸವೆಲ್ಲ ಒಳಗಿನದರ ಮೇಲೆ ಬಿದ್ದಿತ್ತು. ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಿದ್ದುದಕ್ಕೆ ಡಿಸ್ಕಿನ ಖರ್ಚೂ ಸೇರಿತು. ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು ಎಂಬುದು ಇಂದಿಗೂ ನೆನಪಾಗುತ್ತದೆ.

ಆದ್ದರಿಂದ ಗಾಲಿ ಬಿಚ್ಚಿಸಿ ಒಳಗಿನ ಪ್ಯಾಡ್ ನೋಡಿ. ಹೊಸದರಲ್ಲಿ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ, ಅಂದರೆ ಹೆಚ್ಚುಕಡಿಮೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟಕ್ಕೆ ಬಂದರೆ ಬದಲಿಸಿಬಿಡಿ. ಹಿಂಬದಿಯ ತಗಡಿನ ದಪ್ಪವನ್ನು ಲೆಕ್ಕಕ್ಕೆ ಸೇರಿಸಬೇಡಿ, ಅನೇಕರು ತಪ್ಪುವುದು ಅಲ್ಲೇ.

ಚಿತ್ರದುರ್ಗದಿಂದ ಇನ್ನೊಬ್ಬರು

ಸದ್ದಿನ ಬಗ್ಗೆ ನನ್ನದೊಂದು ಮಾತು. ಮಳೆಯ ಮರುದಿನ ಬೆಳಿಗ್ಗೆ ಡಿಸ್ಕಿನ ಮೇಲೆ ತೆಳುವಾಗಿ ತುಕ್ಕು ಕೂತಿರುತ್ತದೆ. ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಉಜ್ಜಿಹೋಗಿ ಸದ್ದು ನಿಲ್ಲುತ್ತದೆ. ಅದಕ್ಕೆ ಹೆದರಬೇಕಿಲ್ಲ. ನಿಮ್ಮದು ಹದಿನೈದು ದಿನಗಳಿಂದ ಬಿಡದೆ, ಒಂದೇ ಗಾಲಿಯಿಂದ ಬರುತ್ತಿದೆ. ಅನೇಕ ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ಕಬ್ಬಿಣದ ಸಣ್ಣ ನಾಲಿಗೆಯೊಂದನ್ನು ಇಟ್ಟಿರುತ್ತಾರೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಎಬ್ಬಿಸುತ್ತದೆ. ಬ್ರೇಕ್ ಇನ್ನೂ ಚೆನ್ನಾಗಿ ಹಿಡಿಯುತ್ತಿರುವಾಗಲೇ ಅದು ಕೂಗುವುದು. ಹಿಡಿಯುತ್ತಿದೆಯಲ್ಲ ಎಂದು ದಿನ ದೂಡಬೇಡಿ.

ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅದನ್ನು ತಿಳಿಯದೆ ನಾನು ಮೇಲಿನ ಗೆರೆಯವರೆಗೆ ತುಂಬಿಸಿದ್ದೆ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಹರಿದು ಬಣ್ಣ ಎದ್ದುಹೋಯಿತು. ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿದ್ದರೆ ಸೋರಿಕೆ ಇರಬಹುದು, ಗಾಡಿ ತೆಗೆಯುವ ಮೊದಲೇ ತೋರಿಸಿ.

ದಾವಣಗೆರೆಯಿಂದ, ಗ್ಯಾರೇಜು ನಡೆಸುವವರು

ಎಲ್ಲವನ್ನೂ ಬದಲಿಸಬೇಕಿಲ್ಲ. ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಗಾಲಿಗಳಲ್ಲಿ ಡಿಸ್ಕಿನ ಬದಲು ಡ್ರಮ್ ಇರುತ್ತದೆ. ಅದರೊಳಗಿರುವುದು ಪ್ಯಾಡ್ ಅಲ್ಲ, ಶೂ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಮುಂದಿನವೇ ಬೇಗ ಸವೆಯುತ್ತವೆ. ಹಾಗೆಂದು ಎಡಗಡೆ ಮಾತ್ರ ಹಾಕಿಸಬೇಡಿ. ಎಡ ಬಲ ಎರಡೂ ಒಟ್ಟಿಗೆ ಬದಲಾಗಬೇಕು, ಇಲ್ಲದಿದ್ದರೆ ಗಾಡಿ ಒಂದು ಬದಿಗೆ ಎಳೆಯಬಹುದು. ಡಿಸ್ಕಿಗೆ ಇರಬೇಕಾದ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಅಳೆದು ತೋರಿಸದೆ ಬದಲಿಸಿ ಎಂದವರಿಗೆ ಹಣ ಕೊಡಬೇಡಿ.

ಸ್ವತಃ ಮಾಡುವುದಾದರೆ ಮೊದಲ ಸಲ ತಿಳಿದವರು ಪಕ್ಕದಲ್ಲಿರಲಿ. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಬಿಚ್ಚಿದ ಕ್ಯಾಲಿಪರ್ ರಬ್ಬರ್ ಪೈಪಿಗೆ ಜೋತುಬೀಳದಂತೆ ತಂತಿಯಿಂದ ಕಟ್ಟಿ. ಪಿನ್ನಿಗೆ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು; ಕೈಗೆ ಸಿಕ್ಕ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಪ್ಯಾಡಿನ ಮುಖಕ್ಕೆ ಎಣ್ಣೆಗೈ ತಾಗಬಾರದು. ಧೂಳನ್ನು ಬಾಯಿಂದ ಊದಬೇಡಿ.

ಕೆಲಸ ಮುಗಿದ ಮೇಲೆ, ಗಾಡಿ ಅಲುಗಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ಬಂದು ತಾಗುವವರೆಗೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಶೆಡ್ಡಿನ ಗೋಡೆಗೆ ಗುದ್ದಿದ ಗಾಡಿಯನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಎಂಟು ಹತ್ತು ಸಲ ಹದವಾಗಿ ಇಳಿಸಿ; ನಡುನಡುವೆ ಆರಲು ಬಿಡಿ. ಆಗ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಗಾಲಿ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆ ಹೊರಗಿನದು 5, ಒಳಗಿನದು 2 ಮಿ.ಮೀ.; ಬಲಗಡೆ ಎರಡೂ 4. ಎಡಗಡೆಯ ಕೆಳಗಿನ ಪಿನ್ ಬಿಗಿದುಕೊಂಡಿತ್ತು. ಡಿಸ್ಕ್ ಅಳೆದರು, ಮಿತಿಯೊಳಗಿತ್ತು, ಹಾಗಾಗಿ ಅದನ್ನು ಮುಟ್ಟಲಿಲ್ಲ. ಮುಂದಿನ ನಾಲ್ಕೂ ಪ್ಯಾಡ್, ಪಿನ್ನಿನ ರಬ್ಬರ್ ಹೊಸದಾದವು. ಹಿಂದಿನ ಶೂ ಚೆನ್ನಾಗಿದ್ದವು.

ಇಂದು ಅಪ್ಪನನ್ನು ಕರೆದುಕೊಂಡು ಬಂದೆ. ಟೋಲ್ ಹತ್ತಿರ ಕಿಟಕಿ ಇಳಿಸಿ ಕಿವಿಗೊಟ್ಟೆ, ಸದ್ದಿಲ್ಲ. ಬ್ರೇಕ್ ಹಾಕಿದಾಗ ಕಾರು ತುಸು ಬಲಕ್ಕೆ ವಾಲುತ್ತಿತ್ತು ಎಂಬುದು ಅದು ನಿಂತ ಮೇಲೆ ಈಗ ತಿಳಿಯುತ್ತಿದೆ. ಭರಮಸಾಗರದ ಹತ್ತಿರ ಸರ್ವಿಸ್ ರಸ್ತೆಗೆ ಕುರಿಹಿಂಡು ಅಡ್ಡ ಬಂದಾಗ ನೇರವಾಗಿ ನಿಂತಿತು.