ಒಂದು ಟೀಮಿನ ಅಫೆನ್ಸಿವ್ ಲೈನ್ ಚೆನ್ನಾಗಿದೆಯೋ ಇಲ್ಲವೋ ಅಂತ ಏನು ನೋಡಿ ಹೇಳುತ್ತೀರಿ?

ಹೊಸ ನೋಡುಗ:

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡಲು ಶುರು ಮಾಡಿ ಇದು ಮೂರನೇ ಸೀಸನ್. ಕ್ವಾರ್ಟರ್‌ಬ್ಯಾಕ್ ಎಸೆತ, ರಿಸೀವರ್ ಓಟ, ಇವೆಲ್ಲ ಈಗ ಅರ್ಥವಾಗುತ್ತದೆ. ಆದರೆ ಅಫೆನ್ಸಿವ್ ಲೈನ್, ಅಂದರೆ ಕ್ವಾರ್ಟರ್‌ಬ್ಯಾಕನ್ನು ಕಾಯಲು ಮುಂದೆ ಬಗ್ಗಿ ನಿಲ್ಲುವ ಆ ಐದು ಜನ ತಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ, ಒಂದೂ ತಿಳಿಯುವುದಿಲ್ಲ. ಕಾಮೆಂಟರಿಯಲ್ಲಿ "ಇವರ ಲೈನ್ ಬಹಳ ಗಟ್ಟಿ" ಅನ್ನುತ್ತಾರೆ, ಯಾಕೆ ಅಂತ ಬಿಡಿಸಿ ಹೇಳುವುದೇ ಇಲ್ಲ.

ಇಷ್ಟು ದಿನ ನಾನು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಲೆಕ್ಕ ನೋಡಿ ತೀರ್ಮಾನ ಮಾಡುತ್ತಿದ್ದೆ. ಜಾಸ್ತಿ ಆದರೆ ಲೈನ್ ಕೆಟ್ಟದು, ಕಡಿಮೆ ಆದರೆ ಒಳ್ಳೆಯದು. ಮೊನ್ನೆ ಬೆಂಗಾಲ್ಸ್‌ನ 2021ರ ಸೀಸನ್ ಬಗ್ಗೆ ಓದಿದ ಮೇಲೆ ಗೊಂದಲ ಆಗಿದೆ. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ರೆಗ್ಯುಲರ್ ಸೀಸನ್‌ನಲ್ಲಿ 51 ಸಲ ಸ್ಯಾಕ್ ಆಗಿದ್ದಾನೆ, ಪ್ಲೇಆಫ್‌ನಲ್ಲಿ ಟೈಟನ್ಸ್ ಎದುರು ಒಂದೇ ಪಂದ್ಯದಲ್ಲಿ 9 ಸಲ, ಆದರೂ ಆ ಪಂದ್ಯವನ್ನು 19-16ರಲ್ಲಿ ಗೆದ್ದು ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಗಿದ್ದಾರೆ. ಹಾಗಾದರೆ ಸ್ಯಾಕ್ ಲೆಕ್ಕಕ್ಕೆ ಬೆಲೆಯೇ ಇಲ್ವಾ?

ಮೂರನೇ ಡೌನ್:

ಬೆಲೆ ಇದೆ, ಆದರೆ ನೀವು ಕೊಡುತ್ತಿರುವಷ್ಟು ಇಲ್ಲ. ಸ್ಯಾಕ್‌ನಲ್ಲಿ ಲೈನ್ ಪಾಲೂ ಇದೆ, ಕ್ವಾರ್ಟರ್‌ಬ್ಯಾಕ್ ಪಾಲೂ ಇದೆ. ಪೇಟನ್ ಮ್ಯಾನಿಂಗ್ 2009ರ ರೆಗ್ಯುಲರ್ ಸೀಸನ್ ಪೂರ್ತಿ ಸ್ಯಾಕ್ ಆಗಿದ್ದು 10 ಸಲ ಮಾತ್ರ. ಅದರ ಹೆಸರೆಲ್ಲ ಲೈನ್‌ಗೆ ಕೊಡಲು ಆಗುವುದಿಲ್ಲ. ಎದುರಿನವರು ಏನು ಮಾಡಲಿದ್ದಾರೆ ಅಂತ ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಮೊದಲೇ ಓದಿ, ಚೆಂಡನ್ನು ಬೇಗ ಬಿಟ್ಟುಬಿಡುತ್ತಿದ್ದ. ಕೆಲವರು ಚೆಂಡು ಹಿಡಿದುಕೊಂಡು ಸುತ್ತುತ್ತಾರೆ. ಅಂಥವರ ಮುಂದೆ ಎಂಥ ಲೈನ್ ನಿಂತರೂ ಸ್ಯಾಕ್ ಬರುತ್ತದೆ.

ನಾನು ಮೊದಲು ನೋಡುವುದು, ಎದುರಿನವರು ಎಷ್ಟು ಜನರನ್ನು ಕಳಿಸಿ ಪ್ರೆಶರ್ ತಂದರು ಅಂತ. ಬ್ಲಾಕ್ ಮಾಡಲು ಐದು ಜನ ಇದ್ದಾರೆ, ಬರುವವರು ನಾಲ್ಕೇ ಜನ, ಆಗಲೂ ಪಾಕೆಟ್ (ಕ್ವಾರ್ಟರ್‌ಬ್ಯಾಕ್ ಸುತ್ತ ಲೈನ್ ಕಾಯುವ ಜಾಗ) ಮುರಿದರೆ ಲೈನ್ ಸೋತಿತು ಅಂತಲೇ ಅರ್ಥ. ಏಳು ಜನ ನುಗ್ಗಿ ಅದರಲ್ಲಿ ಒಬ್ಬನನ್ನು ಯಾರೂ ತಡೆಯದೆ ಹೋದರೆ ಲೈನನ್ನು ಬೈಯುವುದು ಸರಿಯಲ್ಲ, ಅವನು ತಲುಪುವ ಮೊದಲು ಚೆಂಡು ಬಿಡುವುದು ಕ್ವಾರ್ಟರ್‌ಬ್ಯಾಕ್ ಕೆಲಸ.

ಚೀಫ್ಸ್ ಟೀಮನ್ನೇ ನೋಡಿ. 2021ರ ಫೆಬ್ರವರಿಯ ಸೂಪರ್ ಬೌಲ್‌ಗೆ ಎರಿಕ್ ಫಿಶರ್, ಮಿಚೆಲ್ ಶ್ವಾರ್ಟ್ಜ್ ಇಬ್ಬರೂ ಟ್ಯಾಕಲ್‌ಗಳು (ಲೈನ್‌ನ ಎರಡು ತುದಿಯವರು) ಗಾಯದಿಂದ ಹೊರಗಿದ್ದರು. ಎದುರಿಗಿದ್ದ ಟ್ಯಾಂಪಾ ಬೇ ಬ್ಲಿಟ್ಜ್ (ನಾಲ್ಕಕ್ಕಿಂತ ಹೆಚ್ಚು ಜನರನ್ನು ನುಗ್ಗಿಸುವುದು) ಮಾಡಿದ್ದು ತೀರಾ ಕಡಿಮೆ. ಆದರೂ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇಡೀ ರಾತ್ರಿ ಹಿಂದಕ್ಕೆ ಓಡಿ ಓಡಿ ಎಸೆದ, 31-9ರಲ್ಲಿ ಸೋತರು. ಆಮೇಲೆ ಜೋ ಥೂನಿ, ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್, ಒರ್ಲ್ಯಾಂಡೊ ಬ್ರೌನ್ ಅವರನ್ನೆಲ್ಲ ತಂದು ಲೈನನ್ನು ಹೊಸದಾಗಿ ಕಟ್ಟಿದರು. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ಈಗಲ್ಸ್ ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿದ ಟೀಮು. ಆ ದಿನ ಮಹೋಮ್ಸ್ ಮೇಲೆ ಒಂದೂ ಇಲ್ಲ. ಅದೇ ಕ್ವಾರ್ಟರ್‌ಬ್ಯಾಕ್, ಅದೇ ಕೋಚ್, ಬದಲಾಗಿದ್ದು ಮುಂದಿನ ಐದು ಜನರಲ್ಲಿ ನಾಲ್ವರು.

ಹಳೇ ಪ್ಲೇಬುಕ್:

ಮೇಲಿನವರ ಮಾತು ಬಹುಪಾಲು ಒಪ್ಪುತ್ತೇನೆ, ಆದರೆ ಆ 2023ರ ಉದಾಹರಣೆ ಅಷ್ಟು ಸರಳ ಅಲ್ಲ. ಆ ದಿನ ಮೈದಾನ ಜಾರುತ್ತಿತ್ತು, ಎರಡೂ ಕಡೆಯ ಆಟಗಾರರು ದೂರಿದ್ದರು. ನುಗ್ಗಿ ಬರುವವನಿಗೆ ಕಾಲೂರಲು ಆಗದಿದ್ದರೆ ಬ್ಲಾಕ್ ಮಾಡುವವನಿಗೆ ಅರ್ಧ ಕೆಲಸ ಕಡಿಮೆ. ಎರಡು ವರ್ಷ ಬಿಟ್ಟು ಸೂಪರ್ ಬೌಲ್‌ನಲ್ಲಿ ಅದೇ ಈಗಲ್ಸ್ ಬ್ಲಿಟ್ಜ್ ಮಾಡದೆಯೇ ಮಹೋಮ್ಸ್‌ನನ್ನು 6 ಸಲ ಕೆಡವಿದರು. ಆಗ ಲೆಫ್ಟ್ ಟ್ಯಾಕಲ್ ಜಾಗದಲ್ಲಿ ನಿಂತಿದ್ದವನು ಥೂನಿ, ಮೂಲತಃ ಗಾರ್ಡ್ (ನಡುವಿನ ಸೆಂಟರ್ ಪಕ್ಕದಲ್ಲಿ ನಿಲ್ಲುವವನು). ಒಂದು ಪಂದ್ಯ ನೋಡಿ ಲೈನನ್ನು ಅಳೆಯಬೇಡಿ ಅನ್ನುವುದು ಇದಕ್ಕೇ.

ಇನ್ನು ಎಲ್ಲರೂ ಪಾಸ್ ಬಗ್ಗೆಯೇ ಮಾತಾಡುತ್ತಾರೆ, ರನ್ ಮರೆಯುತ್ತಾರೆ. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಸಕ್ವಾನ್ ಬಾರ್ಕ್ಲಿ 2023ರಲ್ಲಿ ಜೈಂಟ್ಸ್‌ಗೆ ಆಡುವಾಗ 962 ಯಾರ್ಡ್, ಪ್ರತಿ ಓಟಕ್ಕೆ 3.9. ಮರುವರ್ಷ ಈಗಲ್ಸ್‌ಗೆ ಹೋದ, 2,005 ಯಾರ್ಡ್, ಪ್ರತಿ ಓಟಕ್ಕೆ 5.8. ಆ 2023ರ ಜೈಂಟ್ಸ್ 85 ಸ್ಯಾಕ್ ಬಿಟ್ಟುಕೊಟ್ಟಿದ್ದರು ಅನ್ನುವುದನ್ನೂ ಸೇರಿಸಿ ನೋಡಿ. ಉಲ್ಟಾ ಕಥೆಯೂ ಇದೆ. ಡಿಮಾರ್ಕೊ ಮರ್ರಿ 2014ರಲ್ಲಿ ಕೌಬಾಯ್ಸ್ ಲೈನ್ ಹಿಂದೆ 1,845 ಯಾರ್ಡ್ ಓಡಿದ್ದ, ಆ ಲೈನ್ ಬಿಟ್ಟು ಹೋದ ವರ್ಷ 702.

ಆದರೆ ಸುಮ್ನೆ ಸರಾಸರಿ ನೋಡಿದರೂ ಮೋಸ ಹೋಗುತ್ತೀರಿ. ಒಂದು 70 ಯಾರ್ಡ್ ಓಟ ಇಡೀ ಲೆಕ್ಕವನ್ನು ಚಂದ ಮಾಡಿಬಿಡುತ್ತದೆ. ಮೊದಲ ಮೂರು ನಾಲ್ಕು ಯಾರ್ಡ್ ಲೈನ್‌ದು, ಅಲ್ಲಿಂದ ಮುಂದೆ ಓಡುವವನದು ಅಂತ ಇಟ್ಟುಕೊಳ್ಳಿ. ಇದನ್ನೇ ಲೆಕ್ಕಕ್ಕೆ ಇಳಿಸಿದ್ದು ಅಡ್ಜಸ್ಟೆಡ್ ಲೈನ್ ಯಾರ್ಡ್ಸ್. ಅದರಲ್ಲಿ ಹಿಂದಕ್ಕೆ ಹೋದ ಓಟಕ್ಕೆ 120 ಪರ್ಸೆಂಟ್ ಹೊಣೆ ಲೈನ್ ಮೇಲೆ, 4 ಯಾರ್ಡ್‌ವರೆಗೆ ಪೂರ್ತಿ, 5ರಿಂದ 10ರವರೆಗೆ ಅರ್ಧ, ಅದರಾಚೆಗೆ ಸೊನ್ನೆ.

ಗಾರ್ಡ್ ಆಡಿದವನು:

ಹೈಸ್ಕೂಲಿನಲ್ಲಿ ಮೂರು ವರ್ಷ ರೈಟ್ ಗಾರ್ಡ್ ಆಡಿದ್ದೇನೆ. ಅದಕ್ಕೇ ಈ ವಿಷಯ ಬಂದರೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಂಕಿ ಬಿಡಿ, ಮೊದಲು ಕಣ್ಣನ್ನು ಚೆಂಡಿನಿಂದ ತೆಗೆಯಿರಿ. ಇದು ಬಹಳ ಕಷ್ಟ, ಒಪ್ಪುತ್ತೇನೆ. ಸ್ನ್ಯಾಪ್ ಆದ ಕೂಡಲೇ ಸೆಂಟರ್ ಮತ್ತು ಇಬ್ಬರು ಗಾರ್ಡ್‌ಗಳನ್ನು ನೋಡಿ, ಟ್ಯಾಕಲ್‌ಗಳನ್ನು ಆಮೇಲೆ ನೋಡಬಹುದು. ಪಕ್ಕದಿಂದ ಬರುವವನನ್ನು ತಪ್ಪಿಸಲು ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಬಂದರೆ ಸಾಕು, ಆದರೆ ನಡುವಿನಿಂದಲೇ ಒಬ್ಬ ತಳ್ಳಿಕೊಂಡು ಬಂದರೆ ಮುಂದೆ ಬರಲು ಜಾಗವೇ ಇರುವುದಿಲ್ಲ, ಕಾಲು ಸರಿಯಾಗಿ ಇಟ್ಟು ಎಸೆಯಲೂ ಆಗುವುದಿಲ್ಲ.

ಎರಡನೆಯದು ಸ್ಟಂಟ್. ಎದುರಿನ ಇಬ್ಬರು ದಾರಿ ಅದಲುಬದಲು ಮಾಡಿಕೊಂಡು ಬರುತ್ತಾರೆ. ಆಗ ನಮ್ಮ ಗಾರ್ಡ್ ಮತ್ತು ಟ್ಯಾಕಲ್ ತಮ್ಮ ಮುಂದಿದ್ದವನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಒಳ್ಳೆಯ ಲೈನ್‌ನಲ್ಲಿ ಅದು ಆಗಿದ್ದೇ ಗೊತ್ತಾಗುವುದಿಲ್ಲ. ಕೆಟ್ಟ ಲೈನ್‌ನಲ್ಲಿ ಇಬ್ಬರೂ ಒಬ್ಬನ ಹಿಂದೆಯೇ ಹೋಗಿ ಇನ್ನೊಬ್ಬನಿಗೆ ಬಾಗಿಲು ತೆರೆದುಬಿಡುತ್ತಾರೆ. ನಾನು ಆಡುವಾಗ ಪಕ್ಕದ ಟ್ಯಾಕಲ್ ಬದಲಾದ ವರ್ಷ ನಮಗೆ ಇದೇ ಆಗಿತ್ತು. ಇಬ್ಬರೂ ಗಟ್ಟಿ ಆಡುತ್ತಿದ್ದೆವು, ಆದರೆ ಅವನು ಯಾವಾಗ ಬಿಡುತ್ತಾನೆ ಅಂತ ನನಗೆ ತಿಳಿಯುತ್ತಿರಲಿಲ್ಲ. ಅದೇ ಐದು ಜನ ಎಷ್ಟು ವಾರ ಜೊತೆಯಲ್ಲಿ ಆಡಿದ್ದಾರೆ ಅನ್ನುವುದನ್ನು ನಾನು ಇವತ್ತಿಗೂ ಮೊದಲು ನೋಡುತ್ತೇನೆ.

ಒಬ್ಬ ದೊಡ್ಡ ಆಟಗಾರ ಇದ್ದಾನೆ ಅಂತ ಲೈನ್ ದೊಡ್ಡದಾಗುವುದಿಲ್ಲ. ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ ಒಂದೂ ಬಿಡದೆ ಸಾಲಾಗಿ 10,363 ಸ್ನ್ಯಾಪ್ ಆಡಿದವನು, ಹಾಲ್ ಆಫ್ ಫೇಮ್ ಸೇರಿದವನು. ಒಮ್ಮೆಯೂ ಪ್ಲೇಆಫ್ ಆಡಲಿಲ್ಲ. ಎಡಗಡೆ ಗೋಡೆ ಇದ್ದರೆ ಎದುರಿನವರು ತಮ್ಮ ಒಳ್ಳೆಯವನನ್ನು ಬಲಗಡೆ ಕಳಿಸುತ್ತಾರೆ, ಅಷ್ಟೇ. ಐದು ಜನರಲ್ಲಿ ಸೋಲುವವನು ಯಾರು ಅಂತ ಹುಡುಕಿ, ಬೇರೆ ಟೀಮಿನವರು ವಾರವಿಡೀ ಹುಡುಕುವುದೂ ಅವನನ್ನೇ.

ಹೊಸ ನೋಡುಗ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಥ್ಯಾಂಕ್ಸ್. ಕಳೆದ ವಾರದ ಒಂದು ಪಂದ್ಯವನ್ನು ನೀವು ಹೇಳಿದ ಹಾಗೆ ಮತ್ತೆ ನೋಡಿದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಪಾಸ್ ಆಟದಲ್ಲಿ ಟೈಟ್ ಎಂಡ್ (ಬ್ಲಾಕೂ ಮಾಡುವ, ಪಾಸೂ ಹಿಡಿಯುವ ಆಟಗಾರ) ಹೆಚ್ಚು ಸಲ ರೈಟ್ ಟ್ಯಾಕಲ್ ಪಕ್ಕದಲ್ಲೇ ನಿಲ್ಲುತ್ತಿದ್ದ, ರನ್ನಿಂಗ್ ಬ್ಯಾಕ್ ಕೂಡ ಹೊರಗೆ ಓಡುವ ಮೊದಲು ಅದೇ ಕಡೆಗೆ ಬಂದು ಒಂದು ಹೊಡೆತ ಕೊಟ್ಟು ಹೋಗುತ್ತಿದ್ದ. ಎಡಗಡೆ ಟ್ಯಾಕಲ್ ಮಾತ್ರ ಒಬ್ಬನೇ. ಇದಕ್ಕೆ ಅರ್ಥ ಇದೆಯಾ?

ಹಾಗೇ, ಪಿಎಫ್‌ಎಫ್ (ಆಟಗಾರರಿಗೆ ಅಂಕ ಕೊಡುವ ಸಂಸ್ಥೆ) ಅಂಕ, ಇಎಸ್‌ಪಿಎನ್‌ನ ಪಾಸ್ ಬ್ಲಾಕ್ ವಿನ್ ರೇಟ್, ಇವೆರಡರಲ್ಲಿ ಯಾವುದನ್ನು ನಂಬಲಿ?

ಮೂರನೇ ಡೌನ್:

ಎರಡನ್ನೂ ನೋಡಿ. ವಿನ್ ರೇಟ್ ಅಂದರೆ ಬ್ಲಾಕನ್ನು 2.5 ಸೆಕೆಂಡ್ ಹಿಡಿದಿಟ್ಟರೋ ಇಲ್ಲವೋ ಅಂತ. ಅದನ್ನು ಆಟಗಾರರ ಚಲನೆಯ ಡೇಟಾದಿಂದ ತೆಗೆಯುತ್ತಾರೆ, ಆದರೆ ಎಷ್ಟು ಕೆಟ್ಟದಾಗಿ ಸೋತ ಅನ್ನುವುದು ಗೊತ್ತಾಗುವುದಿಲ್ಲ. ಪಿಎಫ್‌ಎಫ್‌ನಲ್ಲಿ ಜನ ಕೂತು ಪ್ರತಿ ಆಟಕ್ಕೂ ಅಂಕ ಹಾಕುತ್ತಾರೆ, ಆದರೆ ಆ ಆಟದಲ್ಲಿ ಯಾರು ಯಾರನ್ನು ತಡೆಯಬೇಕಿತ್ತು ಅಂತ ಹೊರಗಿನವರಿಗೆ ಪೂರ್ತಿ ಗೊತ್ತಿರುವುದಿಲ್ಲ. ಎರಡೂ ಒಂದೇ ಮಾತು ಹೇಳಿದರೆ ನಂಬಿ.

ಗಾರ್ಡ್ ಆಡಿದವನು:

ನಿಮ್ಮ ಮೊದಲ ಪ್ರಶ್ನೆಗೆ, ಖಂಡಿತ ಅರ್ಥ ಇದೆ! ಕೋಚ್ ಸಹಾಯವನ್ನು ಯಾವ ಕಡೆ ಕಳಿಸುತ್ತಾನೆ ಅಂದರೆ, ತನ್ನ ಲೈನ್‌ನಲ್ಲಿ ಯಾರ ಮೇಲೆ ನಂಬಿಕೆ ಕಡಿಮೆ ಅಂತ ಅವನೇ ತೋರಿಸಿಕೊಟ್ಟ ಹಾಗೆ. ಎದುರಿನವರ ಒಳ್ಳೆಯ ರಷರ್ ಆ ಕಡೆ ನಿಂತಿದ್ದರಿಂದಲೂ ಇರಬಹುದು, ಅದನ್ನೊಂದು ನೋಡಿಕೊಳ್ಳಿ. ಒಬ್ಬನೇ ಬಿಟ್ಟ ಎಡಗಡೆಯವನು ಪಂದ್ಯವಿಡೀ ತಡೆದನಾ? ಹಾಗಾದರೆ ಅವನಿಂದಾಗಿ ಇನ್ನೊಬ್ಬ ರಿಸೀವರ್ ಪಾಸ್‌ಗೆ ಓಡಲು ಸಿಕ್ಕಿದ, ಅದು ಯಾವ ಅಂಕಿಯಲ್ಲೂ ಅವನ ಹೆಸರಿಗೆ ಬರುವುದಿಲ್ಲ. ಮುಂದಿನ ಪಂದ್ಯದಲ್ಲಿ ಮೂರನೇ ಡೌನ್‌ಗೆ (10 ಯಾರ್ಡ್ ದಾಟಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) 8 ಯಾರ್ಡ್‌ಗಿಂತ ಜಾಸ್ತಿ ಬೇಕಾದಾಗ ಮಾತ್ರ ನೋಡಿ. ಪಾಸ್ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆಗಲೂ ಟೈಟ್ ಎಂಡ್ ಅಲ್ಲೇ ಉಳಿದರೆ ಬಂದು ತಿಳಿಸಿ.