ಜಪಾನಿನ ಬಿಸಿನೀರಿನ ಬುಗ್ಗೆಗಳಿಗೆ ಹೊರಟವರಿಂದ ವೈದ್ಯರಿಗೆ ಪ್ರಶ್ನೆಗಳು

ಮೈಸೂರಿನ ಸದಸ್ಯೆ: ನಮಸ್ಕಾರ ಡಾಕ್ಟರೇ. ಹಕೋನೆಯ ಸಾಂಪ್ರದಾಯಿಕ ವಸತಿಗೃಹವೊಂದರಲ್ಲಿ ತಂಗಲಿದ್ದೇವೆ. ಒನ್ಸೆನ್ ಕೊಳದಲ್ಲಿ, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಕೊಳದಲ್ಲಿ, ಎಷ್ಟು ಹೊತ್ತು ಇರಬಹುದು?

ವೈದ್ಯರು: ನಮಸ್ಕಾರ. ನೀರು 41 ಡಿಗ್ರಿ ಮೀರದಿರಲಿ, ಒಮ್ಮೆಗೆ 10 ನಿಮಿಷ ಸಾಕು. ಮೊದಲು ಹೊರಗೆ ಕುಳಿತು ಸೋಪಿನಿಂದ ಮೈ ತೊಳೆದು, ಪಾದದಿಂದ ಮೇಲಕ್ಕೆ ಬಿಸಿನೀರು ಸುರಿದುಕೊಂಡು, ಆಮೇಲೆ ನಿಧಾನವಾಗಿ ಇಳಿಯಿರಿ.

ಧಾರವಾಡದ ಸದಸ್ಯ: ನಮ್ಮ ತಂದೆಯವರಿಗೆ 72 ವರ್ಷ. ಇನ್ಸುಲಿನ್ ಮತ್ತು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ, ಪಾದಗಳು ಜೋಮು ಹಿಡಿದಿವೆ. ಜನವರಿಯಲ್ಲಿ ಕುಸಾತ್ಸುವಿಗೆ ಹೋಗುತ್ತಿದ್ದೇವೆ. ಗಂಧಕದ ನೀರಿನಲ್ಲಿ ಮಿಂದು, ಒಂದು ಲೋಟ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಸಂದೇಶ ಬಂದಿದೆ. ನಿಜವೇ?

ವೈದ್ಯರು: ನಿಜವಲ್ಲ, ಇನ್ಸುಲಿನ್ ನಿಲ್ಲಿಸಬೇಡಿ. ನಿಮ್ಮ ತಂದೆಯವರ ವಿಷಯ ನನಗೆ ಆತಂಕ ತಂದಿರುವುದರಿಂದ ವಿವರವಾಗಿ ಬರೆಯುತ್ತೇನೆ. ಕುಸಾತ್ಸು ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಜನವರಿಯಲ್ಲಿ ಅಲ್ಲಿ ಹಿಮವಿರುತ್ತದೆ. ಬಟ್ಟೆ ಕಳಚುವ ತಣ್ಣನೆಯ ಕೋಣೆಯಲ್ಲಿ ರಕ್ತನಾಳಗಳು ಕುಗ್ಗಿ ಒತ್ತಡ ಏರುತ್ತದೆ. ಬಿಸಿನೀರಿಗೆ ಇಳಿದಾಗ ಅವೇ ಹಿಗ್ಗಿ ಒತ್ತಡ ಕುಸಿಯುತ್ತದೆ. ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಜಪಾನಿನಲ್ಲಿ ಚಳಿಗಾಲದಲ್ಲಿ ವೃದ್ಧರು ಸ್ನಾನದ ವೇಳೆ ಸಾಯುವುದಕ್ಕೆ ಈ ಏರಿಳಿತವೂ ಒಂದು ಕಾರಣ. ಬಿಸಿಯಲ್ಲಿ ಚರ್ಮದಡಿಯ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಸಕ್ಕರೆಯೂ ಕುಸಿಯಬಹುದು. ಆದ್ದರಿಂದ ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ, ಊಟವಾದ ಕೂಡಲೇ, ಮದ್ಯ ಕುಡಿದ ಮೇಲೆ ಇಳಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಅಲ್ಲಿನ ನೀರಿನ ಪಿಎಚ್ ಸುಮಾರು 2, ಅಂದರೆ ಬಲವಾದ ಆಮ್ಲ. ಪಾದದಲ್ಲಿ ಬಿರುಕಾಗಲಿ ಹುಣ್ಣಾಗಲಿ ಇದ್ದರೆ ಸ್ನಾನವೇ ಬೇಡ. ಹೊರಡುವ ಮುನ್ನ ಅವರನ್ನು ನೋಡುವ ವೈದ್ಯರ ಒಪ್ಪಿಗೆ ಪಡೆಯಿರಿ.

ಬೆಂಗಳೂರಿನ ಸದಸ್ಯ: ಎಷ್ಟು ನಿಮಿಷ ಇರಬಹುದು, ಸರ್?

ವೈದ್ಯರು: ಮೇಲೆ ಬರೆದಿದ್ದೇನೆ. 10.

ಶಿವಮೊಗ್ಗದ ಸದಸ್ಯೆ: ನಾನು ಐದು ತಿಂಗಳ ಗರ್ಭಿಣಿ. ಹೋಗಲೇಬಾರದೇ?

ವೈದ್ಯರು: ಜಪಾನಿನ ಪರಿಸರ ಸಚಿವಾಲಯ 2014ರಲ್ಲಿ ನಿಷಿದ್ಧ ಪಟ್ಟಿಯಿಂದ ಗರ್ಭಾವಸ್ಥೆಯನ್ನು ಕೈಬಿಟ್ಟಿದೆ. ಆದರೂ ಹೆಚ್ಚು ಬಿಸಿ ಬೇಡ, ಜಾರುವ ನೆಲದ ಮೇಲೆ ಎಚ್ಚರವಿರಲಿ, ನಿಮ್ಮ ಪ್ರಸೂತಿ ತಜ್ಞರನ್ನು ಕೇಳಿ.

ತುಮಕೂರಿನ ಸದಸ್ಯೆ: ರಾತ್ರಿಯೂಟದ ಸಾರಿನಲ್ಲಿ ಮೀನು ಇರುತ್ತದೆಯಂತೆ, ಸಸ್ಯಾಹಾರಿಗಳು ಏನು ಮಾಡುವುದು? ನಮ್ಮ ಅತ್ತೆಯವರ ಮುಂಗೈಯಲ್ಲಿ ಹಳೆಯ ಕಾಲದ ಹಚ್ಚೆಯೂ ಇದೆ.

ಮಂಗಳೂರಿನ ಸದಸ್ಯ: ಹಚ್ಚೆಯಿದ್ದವರನ್ನು ಒಳಗೆ ಬಿಡುವುದಿಲ್ಲ.

ಟೋಕಿಯೊದ ಕನ್ನಡತಿ: ಎಲ್ಲೆಡೆ ಹಾಗಿಲ್ಲ. ಕಿನೊಸಾಕಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಏಳೂ ಸಾರ್ವಜನಿಕ ಸ್ನಾನಗೃಹಗಳಲ್ಲಿ ಅಡ್ಡಿಯಿಲ್ಲ. ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದ ಯಾಕುಜಾ ಎಂಬ ಅಪರಾಧಿ ಗುಂಪುಗಳ ನೆನಪಿನಿಂದ ಬಂದ ನಿಯಮವನ್ನು ನಮ್ಮ ಹಿರಿಯರಿಗೆ ಅನ್ವಯಿಸುವುದು ಅನ್ಯಾಯ.

ಮಂಗಳೂರಿನ ಸದಸ್ಯ: ಅವರ ಮನೆಗೆ ಹೋದ ಮೇಲೆ ಅವರ ನಿಯಮ. ಬಟ್ಟೆಯಿಲ್ಲದೆ ಇಳಿಯಲು ಒಪ್ಪುವವರು ಇದನ್ನೂ ಒಪ್ಪಲಿ.

ಟೋಕಿಯೊದ ಕನ್ನಡತಿ: ಹೆಂಗಸರ ಕೊಳ ಬೇರೆಯೇ ಇರುತ್ತದೆ. ತಿಳಿಯದೆ ಹಗುರವಾಗಿ ಮಾತನಾಡಬೇಡಿ.

ಹಾಸನದ ಸದಸ್ಯೆ: ಕಾಲುಂಗುರ ತೆಗೆಯಬೇಕೇ?

ವೈದ್ಯರು: ಗಂಧಕದ ನೀರಿನಲ್ಲಿ ಬೆಳ್ಳಿ ಕಪ್ಪಾಗುತ್ತದೆ.

ಬಳ್ಳಾರಿಯ ಸದಸ್ಯ: ಬುಗ್ಗೆಯ ನೀರನ್ನು ಬಾಟಲಿಯಲ್ಲಿ ತಂದು ದಿನವೂ ಕುಡಿದರೆ ಮಂಡಿನೋವು ಹೋಗುತ್ತದೆ ಎಂಬ ಸಂದೇಶವನ್ನು ಹಾಕಿದ್ದೇನೆ, ಎಲ್ಲರೂ ಓದಿ.

ವೈದ್ಯರು: ದಯವಿಟ್ಟು ಅಳಿಸಿ. ಕುಡಿಯಲು ಅನುಮತಿ ಇರುವ ಬುಗ್ಗೆಯ ನೀರನ್ನು ಅಲ್ಲೇ, ಫಲಕದಲ್ಲಿ ಬರೆದ ಅಳತೆಯಲ್ಲಿ ಮಾತ್ರ ಕುಡಿಯಬೇಕು. ಇಂಥ ಸಂದೇಶ ನಂಬಿ ಮಾತ್ರೆ ಬಿಟ್ಟವರಿಗೆ ತೊಂದರೆಯಾದರೆ ಕಳುಹಿಸಿದವರು ಹೊಣೆ ಹೊರುತ್ತಾರೆಯೇ?

ಬಳ್ಳಾರಿಯ ಸದಸ್ಯ: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಧಾರವಾಡದ ಸದಸ್ಯ: ಡಾಕ್ಟರೇ, ಹಾಗಾದರೆ ಬೀದಿಬದಿಯ ಕಾಲುಕೊಳದಲ್ಲಿ ತಂದೆಯವರು ಪಾದವಷ್ಟೇ ಇಳಿಬಿಡಬಹುದಲ್ಲವೇ?

ವೈದ್ಯರು: ಬೇಡ. ಜೋಮು ಹಿಡಿದಿರುವುದು ಪಾದಕ್ಕೇ. ಬಿಸಿ ತಿಳಿಯದೆ ಸುಟ್ಟುಕೊಂಡರೆ ಆ ಗಾಯ ಸುಲಭವಾಗಿ ಮಾಯುವುದಿಲ್ಲ.